ರಾಕ್ಷಸನಿಗೆ ಕಾಲು ಬರುವವರೆಗೆ

ನನ್ನ ಮದುವೆ ನಾಲ್ಕು ಸಲ ಮುಂದಕ್ಕೆ ಹೋಯಿತು. ನಾಲ್ಕು ಸಲವೂ ಕಾರಣ ಒಂದೇ. ಬಾಗಲಕೋಟೆಯಲ್ಲಿ ಒಂದು ಆಟ ಇನ್ನೂ ತಯಾರಾಗಿರಲಿಲ್ಲ. ಈಗ ಹೇಳಿದರೆ ಯಾರೂ ನಂಬುವುದಿಲ್ಲ, ಆಗಲೂ ನಂಬಲಿಲ್ಲ. ಹುಡುಗನಿಗೆ ಮೂರ್ಛೆರೋಗ ಇರಬೇಕು, ಅದನ್ನು ಮುಚ್ಚಿಡಲು ಆಟದ ನೆವ ಹೇಳುತ್ತಿದ್ದಾರೆ ಎಂದು ಇಳಕಲ್ಲಿನ ನಮ್ಮ ಓಣಿಯ ಹೆಂಗಸರು ತಮ್ಮೊಳಗೇ ತೀರ್ಮಾನಿಸಿ, ನನ್ನನ್ನು ಕಂಡಾಗಲೆಲ್ಲ ತುಸು ಹೆಚ್ಚೇ ಪ್ರೀತಿಯಿಂದ ಮಾತಾಡಿಸುತ್ತಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತೆರಡು ವರ್ಷ. ನಮ್ಮ ಮನೆಯ ಹಿಂದೆ ಐದು ಕುಣಿ ಮಗ್ಗಗಳಿದ್ದವು. ನೇಕಾರರು ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವರು, ನಾನು ಪಡಸಾಲೆಯಲ್ಲಿ ಕೂತು ಅದೇ ಸೀರೆಗಳ ಮೇಲೆ ಕಸೂತಿ ತೆಗೆಯುವೆ. ಹುಡುಗ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದರು. ಕಂಪ್ಯೂಟರ್ ಎಂದರೆ ಏನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. ಅವರ ಹೆಸರು ನಾನು ಅಂದೂ ಹೇಳುತ್ತಿರಲಿಲ್ಲ, ಇಂದೂ ಹೇಳುವುದಿಲ್ಲ. ಮನೆಯಲ್ಲಿ ಎಲ್ಲರೂ ಅವರನ್ನು ಬಾಗಲಕೋಟೆಯವರು ಎನ್ನುತ್ತಿದ್ದರು. ನನಗೂ ಅದೇ ರೂಢಿ.

ನಿಶ್ಚಯದ ದಿನ ಸಕ್ಕರೆ ಹಂಚಿ ಮುಗಿದ ಮೇಲೆ ಬಾಗಲಕೋಟೆಯವರು ಅಪ್ಪನನ್ನು ಕಟ್ಟೆಯ ಹತ್ತಿರ ಕರೆದು ಮೆಲ್ಲಗೆ ಹೇಳಿದರಂತೆ.

"ಒಂದು ಕೆಲಸ ಕೈಯಾಗ ಐತ್ರಿ. ಅದು ಮುಗೀಲಿ, ಆಮ್ಯಾಲೆ ಮದುವಿ ಇಟ್ಕೊಳ್ಳೂಣು. ಮದುವಿ ಆದಮ್ಯಾಲೆ ಅದು ಮುಗಿಯೂದಿಲ್ರಿ."

ಅಪ್ಪನಿಗೆ ಭಾರಿ ಖುಷಿಯಾಯಿತು. ಮನೆ ಕಟ್ಟಿಸುತ್ತಿದ್ದಾನೆ, ಹೆಂಡತಿಯನ್ನು ಹೊಸ ಮನೆಗೇ ಕರೆದೊಯ್ಯುವ ಹುಡುಗ ಎಂದು ಅವ್ವನ ಮುಂದೆ ಹೊಗಳಿದರು. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಮುಳುಗೂ ಊರಾಗ ಯಾರ್ ಮನಿ ಕಟ್ಟಸ್ತಾರ?" ಎಂದಳು. ಅದು ಖರೆಯೇ. ಆಣೆಕಟ್ಟಿನ ನೀರು ಬರುತ್ತದೆ, ಊರು ಮುಳುಗುತ್ತದೆ ಎಂದು ಬಾಗಲಕೋಟೆಯಲ್ಲಿ ಜನ ಗೋಡೆಗೆ ಸುಣ್ಣ ಹಚ್ಚುವುದನ್ನೂ ಬಿಟ್ಟು ವರ್ಷಗಳಾಗಿದ್ದವು. ನೀರು ಬಂದಿರಲಿಲ್ಲ. ಆ ಊರಿನವರಿಗೆ ಕಾಯುವುದು ಮೈಗೆ ಹತ್ತಿದ ಅಭ್ಯಾಸವೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಕೆಲಸ ಯಾವುದೆಂದು ಮೊದಲ ಪತ್ರದಲ್ಲಿ ತಿಳಿಯಿತು. ನಿಶ್ಚಯವಾದ ಹುಡುಗಿಗೆ ಹುಡುಗ ನೇರವಾಗಿ ಪತ್ರ ಬರೆಯುವುದು ನಮ್ಮಲ್ಲಿ ಸಲ್ಲದು. ಬರೆಯುವುದಿದ್ದರೆ ಮಾವನಿಗೆ ಬರೆಯಬೇಕು. ಅಪ್ಪನಿಗೆ ಮನಸ್ಸಿನಲ್ಲೇ ಓದಿಕೊಳ್ಳುವ ಅಭ್ಯಾಸವಿರಲಿಲ್ಲ. ಅಂಚೆಯವನು ಪತ್ರ ಕೊಡುವ ಹೊತ್ತಿಗೆ ಅಪ್ಪ ಮಗ್ಗಗಳ ನಡುವೆಯೇ ಇರುತ್ತಿದ್ದರು, ನಿಂತಲ್ಲೇ ಒಡೆದು ಗಟ್ಟಿಯಾಗಿ ಓದುತ್ತಿದ್ದರು. ಹೀಗಾಗಿ ನನ್ನ ಪಾಲಿನ ಪ್ರೇಮಪತ್ರಗಳೆಲ್ಲ ಐದು ಜನ ನೇಕಾರರ ಎದುರಿಗೆ, ಲಾಳಿ ನಿಲ್ಲಿಸಿ, ಸಾರ್ವಜನಿಕವಾಗಿ ಓದಲ್ಪಟ್ಟವು. ನಾನು ಬಾಗಿಲ ಹಿಂದೆ ಸೂಜಿ ಹಿಡಿದು ನಿಂತು ಕೇಳುತ್ತಿದ್ದೆ.

"ತೀರ್ಥರೂಪ ಸಮಾನರಾದ ಮಾವನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಮಾಡುತ್ತಿರುವ ಕಂಪ್ಯೂಟರ್ ಆಟದ ಕೆಲಸ ಸಾಗಿದೆ. ಆಟದಲ್ಲಿ ಒಬ್ಬ ಹುಡುಗಿ ಬಾದಾಮಿಯ ಕೆಂಪು ಗುಡ್ಡದ ಒಳಗೆ ಇಳಿಯುತ್ತಾಳೆ. ಒಳಗೆ ಏಳು ಬಾಗಿಲುಗಳಿವೆ. ಬಾಗಿಲಿಗೊಬ್ಬ ಕಾವಲುಗಾರ. ಮೊದಲ ಬಾಗಿಲಿಗೆ ರಾಕ್ಷಸನನ್ನು ಇಟ್ಟಿದ್ದೇನೆ. ಸದ್ಯಕ್ಕೆ ಅವನಿಗೆ ತಲೆ ಮಾತ್ರ ಇದೆ. ಮುಂದಿನ ವೈಶಾಖದೊಳಗೆ ಕಾಲು ಬರುವ ನಿರೀಕ್ಷೆ ಇದೆ. ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸುವುದು."

ಅಪ್ಪ ಹಾಳೆಯ ಹಿಂಬದಿ ತಿರುಗಿಸಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. ನಾನು ಹುಟ್ಟುವ ಮೊದಲಿನಿಂದಲೂ ಬಾಗಿಲ ಪಕ್ಕದ ಮಗ್ಗದಲ್ಲಿ ಕೂರುತ್ತಿದ್ದ ಮುದುಕ ನೇಕಾರರೊಬ್ಬರಿದ್ದರು, ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಕಾಕಾ ಕೇಳಿದರು.

"ಬರೇ ತಲಿ ಇದ್ರ ಬಾಗಲಾ ಹೆಂಗ ಕಾಯ್ತಾನ್ರಿ ಅಂವಾ?"

ಪ್ರಶ್ನೆ ನ್ಯಾಯವಾದದ್ದು. ಅಪ್ಪ ಮರುಪತ್ರದಲ್ಲಿ ಅದನ್ನು ಬರೆದು ಕೇಳಿದರು. "ಅವನು ಉರುಳುತ್ತಾನೆ" ಎಂದು ಉತ್ತರ ಬಂತು. ಅಂದಿನಿಂದ ಮಗ್ಗದ ಮನೆ ಆ ಆಟದ ಬೆನ್ನು ಹತ್ತಿತು. ಟೀವಿಯಂಥ ಒಂದು ಪೆಟ್ಟಿಗೆಯ ಮೇಲೆ ಗೊಂಬೆಗಳು ಓಡಾಡುತ್ತವೆ, ನಾವು ಗುಂಡಿ ಒತ್ತಿದಂತೆ ಕೇಳುತ್ತವೆ ಎಂಬಷ್ಟು ಅವರಿಗೆ ತಿಳಿದಿತ್ತು. ಉಳಿದದ್ದನ್ನು ಅವರೇ ತುಂಬಿಕೊಂಡರು. ಅಂಚೆಯವನು ಕಂಡರೆ ಸಾಕು, ಲಾಳಿ ತಾನೇ ನಿಲ್ಲುತ್ತಿತ್ತು.

ಮೊದಮೊದಲು ನನಗೆ ಅಳು ಬರುತ್ತಿತ್ತು. ನನ್ನ ಬಗ್ಗೆ ಒಂದು ಸಾಲಾದರೂ ಇರಬಾರದೇ? ಆಮೇಲೆ ಒಂದು ದಿನ ಆಟದ ಹುಡುಗಿಗೆ ಉದ್ದ ಜಡೆ ಇದೆ ಎಂದು ಪತ್ರ ಬಂತು. ನನಗೂ ಉದ್ದ ಜಡೆ ಇತ್ತು. ನಿಶ್ಚಯದ ದಿನ ಅವರು ನೋಡಿದ್ದು ಬಹುಶಃ ಅದನ್ನೊಂದೇ, ಯಾಕೆಂದರೆ ನಾನು ಇಡೀ ಹೊತ್ತು ತಲೆ ಬಗ್ಗಿಸಿ ಕೂತಿದ್ದೆ. ಆವತ್ತಿನಿಂದ ಗುಡ್ಡದೊಳಗೆ ಇಳಿಯುವವಳು ನಾನೇ ಆದೆ. ಹೊಲಿಯುತ್ತ ಕೂತಲ್ಲೇ ಒಂದೊಂದೇ ಬಾಗಿಲು ದಾಟುತ್ತಿದ್ದೆ. ಎರಡು ತಿಂಗಳ ಮೇಲೆ ಅಪ್ಪ ಓದಿದರು: "ಯಂತ್ರದಲ್ಲಿ ಜಾಗ ಸಾಲದ್ದರಿಂದ ಹುಡುಗಿಯ ಜಡೆ ತೆಗೆದಿದ್ದೇನೆ." ನೇಕಾರರು ಲೊಚಗುಟ್ಟಿದರು. ನಾನು ಆ ದಿನ ಊಟ ಮಾಡಲಿಲ್ಲ.

ವೈಶಾಖ ಬಂತು, ಕಾಲು ಬರಲಿಲ್ಲ. ಮುಹೂರ್ತ ಕಾರ್ತೀಕಕ್ಕೆ ಹೋಯಿತು. ಆಟವನ್ನು ಅವರು ಹಾಡಿನ ಕ್ಯಾಸೆಟ್ಟಿನಲ್ಲೇ ತುಂಬಿಡುತ್ತಿದ್ದರು, ಆ ಕಾಲದ ಯಂತ್ರಗಳು ಹಾಗೇ ಇದ್ದವು. ಕಾರ್ತೀಕಕ್ಕೆ ಹದಿನೈದು ದಿನ ಇರುವಾಗ ಅವರ ತಾಯಿ ತಮ್ಮ ಓಣಿಯ ಹೆಂಗಸರ ಭಜನೆಯನ್ನು ಅದೇ ಕ್ಯಾಸೆಟ್ಟಿಗೆ ತುಂಬಿಸಿಬಿಟ್ಟರು. "ಮೂರು ಬಾಗಿಲುಗಳು ಅಳಿಸಿ ಹೋಗಿವೆ. ಭಜನೆ ಚೆನ್ನಾಗಿ ಬಂದಿದೆ" ಎಂದು ಪತ್ರ ಬರೆದರು. ಮುಹೂರ್ತ ಮಾಘಕ್ಕೆ ಹೋಯಿತು. ಮದುವೆ ಯಾವಾಗ ಎಂದು ಯಾರಾದರೂ ಕೇಳಿದರೆ ಅವ್ವ ಮೂಗು ಮುರಿದು, "ರಾಕ್ಷಸಗ ಕಾಲ್ ಬರ್ಲಿ ತಡೀರಿ" ಎನ್ನುತ್ತಿದ್ದಳು. ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ.

ಮಾಘದ ಹೊತ್ತಿಗೆ ಬಂದ ಪತ್ರದಲ್ಲಿ ಸೋತ ದನಿ ಇತ್ತು. ಚಿತ್ರಗಳೇ ತಮಗೆ ಬರುವುದಿಲ್ಲ, ಎಲ್ಲವನ್ನೂ ಸಣ್ಣ ಸಣ್ಣ ಚೌಕಗಳನ್ನು ಎಣಿಸಿ ತುಂಬಬೇಕು, ಓರೆ ಗೆರೆ ಬೇಕಾದರೆ ಮೆಟ್ಟಿಲಂತೆ ಏರಿಸಬೇಕು, ತಾವು ಬರೆದ ನವಿಲನ್ನು ಎಲ್ಲರೂ ಚಹಾದ ಕೆಟಲು ಎನ್ನುತ್ತಿದ್ದಾರೆ ಎಂದು ಬರೆದಿದ್ದರು. ಕಾಕಾ ಮಗ್ಗದ ಹಣಿಗೆಯ ಮೇಲೆ ಕೈ ಇಟ್ಟು ನಕ್ಕರು.

"ಅಯ್ಯ, ನಮ್ಮ ಹುಡುಗಿ ದಿನಾ ಮಾಡೂದು ಮತ್ತೇನ್ರಿ? ಎಳಿ ಎಣಿಸಿ ನವಲ ತೆಗೀತಾಳಲ್ಲ!"

ಖರೆಯೇ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವುದಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚುವುದು. ಮೆಟ್ಟಿಲು ಮೆಟ್ಟಿಲಾಗಿ ಏರುವ ಹೊಲಿಗೆಗೆ ಮುರ್ಗಿ ಎಂಬ ಹೆಸರೇ ಇದೆ. ಅಪ್ಪ ಚೌಕದ ಹಾಳೆ ತಂದುಕೊಟ್ಟರು. ನಾನು ನವಿಲು, ಗೋಪುರ, ಗಿಳಿ, ಸಿಂಹ ಬರೆದೆ. ಕಸೂತಿಯಲ್ಲಿ ರಾಕ್ಷಸ ಇಲ್ಲ. ಮದುವೆಯ ಸೀರೆಯ ಮೇಲೆ ಅವನಿಗೇನು ಕೆಲಸ? ಅದಕ್ಕೆ ಗೋಪುರವನ್ನು ತಲೆಕೆಳಗು ಮಾಡಿ ಕಣ್ಣಿಟ್ಟು, ಕೆಳಗೆ ಆನೆಯ ಕಾಲು ಜೋಡಿಸಿದೆ. ಕೇಳದಿದ್ದರೂ ಹುಡುಗಿಗೆ ಜಡೆ ಹಾಕಿ ಕಳಿಸಿದೆ. ಬರೀ ಮೂರು ಚೌಕದಲ್ಲಿ ಮುಗಿಸಿದ್ದೆ.

ಮರುಪತ್ರವೂ ಅಪ್ಪನ ಹೆಸರಿಗೇ ಬಂತು. "ಚಿತ್ರ ಬರೆದವರಿಗೆ ತಿಳಿಸುವುದು: ಆನೆಯ ಕಾಲು ರಾಕ್ಷಸನಿಗೆ ಒಪ್ಪಿದೆ. ಜಡೆಯೂ ಹಿಡಿಯಿತು." ಮಗ್ಗದ ಮನೆಯಲ್ಲಿ ಕೇಕೆ ಎದ್ದಿತು. ಕಾಕಾ ಕುಣಿಯಿಂದ ಎದ್ದು ನಿಂತು, "ಬಂದ್ವು ನೋಡ್ರಿ ಕಾಲು!" ಎಂದು ಕೂಗಿದರು. ಆ ಪತ್ರವನ್ನು ಅಪ್ಪನ ಅಂಗಿಯ ಕಿಸೆಯಿಂದ ತೆಗೆದು ಅಡುಗೆಮನೆಯಲ್ಲಿ ಏಳು ಸಲ ಓದಿದೆ. ನನಗೆ ಅವರ ಮೇಲೆ ಮನಸ್ಸಾಯಿತು. ಯಾವಾಗ ಎಂದು ಯಾರಾದರೂ ಕೇಳಿದರೆ ಖಚಿತವಾಗಿ ಹೇಳಬಲ್ಲೆ, ಅದು ಆಗಲೇ.

ಅವರು ನನ್ನಿಂದ ಇನ್ನೂ ಒಂದು ಕೇಳಿದರು. ಗುಡ್ಡದ ಒಳಗಿನ ದಾರಿಯ ನಕ್ಷೆ. ಒಟ್ಟು ನೂರಾ ಹನ್ನೆರಡು ಚೌಕ, ಅದರಲ್ಲಿ ಏಳು ಬಾಗಿಲು. ಯಾವ ಚೌಕದಿಂದ ಯಾವ ಚೌಕಕ್ಕೆ ದಾರಿ ಎಂದು ನಂಬರು ಹಾಕಿ ಕಳಿಸಬೇಕು. ನಾನು ಒಂದು ತಿಂಗಳು ಕೂತು ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕವಾದ ಕೆಲಸ ಮಾಡಿರಲಿಲ್ಲ. ಅವರು ಆ ನಂಬರುಗಳನ್ನು ಯಂತ್ರಕ್ಕೆ ಹಾಕುತ್ತ ಹೋದರು. ಮಾಘವೂ ತಪ್ಪಿತ್ತು, ಮತ್ತೆ ವೈಶಾಖಕ್ಕೆ ಮುಹೂರ್ತ ಇಟ್ಟರು.

ವೈಶಾಖಕ್ಕೆ ಒಂದೇ ಸಾಲಿನ ಪತ್ರ ಬಂತು. "ಎಲ್ಲ ಮುಗಿದಿದೆ, ಆದರೆ ಆಟ ಮುಗಿಯುತ್ತಿಲ್ಲ." ಏನು ತಪ್ಪೆಂದು ಹುಡುಕುತ್ತಿದ್ದೇನೆ ಎಂದು ಮುಂದಿನ ತಿಂಗಳು ಬರೆದರು, ಅದರ ಮುಂದಿನ ತಿಂಗಳೂ ಅದನ್ನೇ ಬರೆದರು. ದೀಪಾವಳಿ ಕಳೆಯಿತು. ನನಗೆ ಇಪ್ಪತ್ತೈದು ತುಂಬಿತು.

ಅವ್ವನ ತಾಳ್ಮೆ ಅಲ್ಲಿಗೆ ಮುಗಿಯಿತು. ಹುನಗುಂದದಲ್ಲಿ ಕೋರ್ಟಿನ ಗುಮಾಸ್ತನೊಬ್ಬನ ಸಂಬಂಧ ಬಂದಿತ್ತು. ಅವನಿಗೆ ಯಾವ ಆಟದ ಗೊಡವೆಯೂ ಇರಲಿಲ್ಲ. ಒಂದು ರವಿವಾರ ಅಪ್ಪ, ಅವ್ವ, ನಾನು ಮೂವರೂ ಬಾಗಲಕೋಟೆಯ ಬಸ್ಸು ಹತ್ತಿದೆವು. ಅವ್ವನ ಮಾತು ನಿಚ್ಚಳವಾಗಿತ್ತು. ಇವತ್ತು ಬಾಗಲಕೋಟೆಯವರು ಮುಹೂರ್ತಕ್ಕೆ ಹೂಂ ಅಂದರೆ ಸರಿ, ಇಲ್ಲದಿದ್ದರೆ ನಿಶ್ಚಯದಲ್ಲಿ ಉಡಿಸಿದ ಸೀರೆ ಅಲ್ಲೇ ಇಟ್ಟು ಬರುವುದು. ಸೀರೆಯನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದಳು. ಹೊರಡುವಾಗ ಕಾಕಾ ಕಿಟಕಿಯ ಹತ್ತಿರ ಬಂದು, "ಏನರ ಆಗ್ಲಿ, ಆ ರಾಕ್ಷಸ ಹೆಂಗ ನಡೀತಾನ ನೋಡ್ಕೊಂಡು ಬಾರವ್ವ" ಎಂದರು. ಅವ್ವ ಅವರನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಹುನಗುಂದದಲ್ಲಿ ಬಸ್ಸು ನಿಂತಾಗ ಅವ್ವ ಕೋರ್ಟಿನ ದಿಕ್ಕಿಗೆ ಬೆರಳು ಮಾಡಿ, "ಅಲ್ಲೇ ನೌಕರಿ ಅವನ್ದು. ನೆರಳಾಗ" ಎಂದಳು. ನಾನು ಆ ಕಡೆ ನೋಡಲಿಲ್ಲ. ಬಾಗಲಕೋಟೆಯವರನ್ನು ನಾನು ನೋಡಿದ್ದು ಒಂದೇ ಸಲ, ಅದೂ ಕಾಲಿನ ಮಟ್ಟಕ್ಕೆ. ಆದರೂ ಆ ಸೀರೆ ಚೀಲದಿಂದ ಹೊರಗೆ ಬಂದರೆ ನಾನು ಉಳಿಯುವುದಿಲ್ಲ ಅನಿಸುತ್ತಿತ್ತು.

ಬಾಗಲಕೋಟೆಯ ಮನೆಯಲ್ಲಿ ಅವರ ತಾಯಿ ನಮ್ಮನ್ನು ಆದರದಿಂದ ಕೂರಿಸಿದರು. ಮಗನ ಬಗ್ಗೆ ಅವರಿಗೂ ಸಾಕುಸಾಕಾಗಿತ್ತು. ಯಂತ್ರವನ್ನು ರಜೆಯಲ್ಲಿ ಕಾಲೇಜಿನಿಂದ ತಂದು ಮನೆಯ ಟೀವಿಗೆ ಜೋಡಿಸಿದ್ದರು. ಬಾಗಲಕೋಟೆಯವರು ನಮಸ್ಕಾರ ಮಾಡಿದವರೇ ಏನೂ ಮಾತಾಡದೆ ಕ್ಯಾಸೆಟ್ಟು ಹಾಕಿದರು. ಆಟ ಕ್ಯಾಸೆಟ್ಟಿನಿಂದ ಯಂತ್ರಕ್ಕೆ ಇಳಿಯುವವರೆಗೆ ಬೆಕ್ಕಿನ ಬಾಲ ತುಳಿದಂಥ ಕಿರುಚು ಐದು ನಿಮಿಷ ಕೇಳಿಸಿತು. ಅಪ್ಪ ಕಿವಿ ಮುಚ್ಚಿಕೊಂಡು ಕೂತರು. ಇದು ಭಜನೆಗಿಂತ ಗಟ್ಟಿ ಎಂದು ಅವರ ತಾಯಿ ಅವ್ವನಿಗೆ ಹೇಳಿದರು.

ಆಮೇಲೆ ಗುಡ್ಡ ಬಂತು. ಗುಡ್ಡದ ಬುಡದಲ್ಲಿ ಜಡೆಯ ಹುಡುಗಿ. ಮೊದಲ ಬಾಗಿಲಲ್ಲಿ ನನ್ನ ತಲೆಕೆಳಗಾದ ಗೋಪುರ ಆನೆಯ ಕಾಲಿಟ್ಟು ನಡೆಯಿತು. ಅತ್ತಿಂದಿತ್ತ, ಇತ್ತಿಂದತ್ತ.

"ನಡೀತಾನಲೇ!" ಎಂದು ಅಪ್ಪ ಕುರ್ಚಿಯಿಂದ ಎದ್ದುಬಿಟ್ಟರು. ನನ್ನ ಕಣ್ಣು ತುಂಬಿ ಬಂದವು. ಮೂರು ವರ್ಷ ಕಿವಿಯಲ್ಲಿ ಕೇಳಿದ್ದನ್ನು ಕಣ್ಣಲ್ಲಿ ನೋಡುತ್ತಿದ್ದೆ. ಇಷ್ಟು ಸಂತೋಷ ನನಗೆ ಮೊದಲು ಯಾವತ್ತೂ ಆಗಿರಲಿಲ್ಲ, ಆಮೇಲೆ ಎರಡೇ ಸಲ ಆಗಿದೆ.

ಬಾಗಲಕೋಟೆಯವರು ಗುಂಡಿಗಳ ಹಲಗೆಯನ್ನು ನನ್ನ ಮುಂದೆ ಸರಿಸಿದರು. ದಾರಿ ನಾನೇ ಬರೆದದ್ದು, ಎಲ್ಲೂ ಎಡವಲಿಲ್ಲ. ಏಳನೆಯ ಬಾಗಿಲು ತೆರೆಯಿತು. ಒಳಗೆ ಕಾಲಿಟ್ಟರೆ ಹುಡುಗಿ ಮತ್ತೆ ಗುಡ್ಡದ ಬುಡದಲ್ಲಿ ನಿಂತಿದ್ದಳು. ಎರಡನೆಯ ಸಲವೂ ಅಲ್ಲಿಗೇ ಬಂದಳು.

"ಆರು ತಿಂಗಳಿಂದ ಹಿಂಗಽ ಆಗಾಕತ್ತೈತ್ರಿ," ಎಂದು ಅವರು ನನಗಲ್ಲ, ಅಪ್ಪನಿಗೆ ಹೇಳಿದರು. "ಒಂದೊಂದು ನಂಬರೂ ತಾಳೆ ಹಾಕಿ ನೋಡೇನ್ರಿ. ಹಾಳಿಯೊಳಗ ಇದ್ದಂಗಽ ಐತಿ. ತಪ್ಪು ಎಲ್ಲೈತಿ ತಿಳಿವಲ್ದು."

ನನ್ನ ಹಾಳೆಯನ್ನು ತಂದು ಮುಂದೆ ಇಟ್ಟರು. ಮಡಿಕೆಗಳಲ್ಲಿ ಸವೆದು ಹರಿಯುವಂತಾಗಿತ್ತು. ನನಗೆ ನೋಡಿದ ಕೂಡಲೇ ತಿಳಿಯಿತು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡೂ ಮುಖ ಒಂದೇ ಥರ ಕಾಣಬೇಕು. ಅದಕ್ಕೆ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ತಿರುಗಿ ಬರಬೇಕು. ಏಳನೆಯ ವರ್ಷಕ್ಕೇ ಅವ್ವ ನನ್ನ ಕೈಗೆ ಹಾಕಿದ ಪಾಠ ಅದು. ಗುಡ್ಡದ ದಾರಿಯನ್ನೂ ನಾನು ಹಾಗೇ ಬರೆದಿದ್ದೆ. ಏಳನೆಯ ಬಾಗಿಲಿನಿಂದ ದಾರಿ ಮತ್ತೆ ಒಂದನೆಯ ಚೌಕಕ್ಕೆ, ಗುಡ್ಡದ ಬುಡಕ್ಕೆ. ದಾರ ಮನೆಗೆ ಬಂದಿತ್ತು. ಅವರು ಆರು ತಿಂಗಳು ತಮ್ಮ ಕೆಲಸದಲ್ಲಿ ತಪ್ಪು ಹುಡುಕಿದರು. ಹೆಣ್ಣಿನ ಮನೆಯಿಂದ ಬಂದ ಹಾಳೆಯಲ್ಲಿ ತಪ್ಪಿರಬಹುದೆಂದು ಅವರಿಗೆ ಹೊಳೆದಿರಲೇ ಇಲ್ಲ.

ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು. ಪಕ್ಕದಲ್ಲಿ ಅವ್ವ ಚೀಲ ಹಿಡಿದು ಕೂತಿದ್ದಳು.

"ತಪ್ಪು ಹಾಳಿಯೊಳಗಽ ಐತ್ರಿ," ಎಂದೆ. "ನಾ ಮಾಡಿದ್ದು."

ಅದು ನಾನು ಅವರೊಡನೆ ಆಡಿದ ಮೊದಲ ಮಾತು. ದಾರದ ವಿಷಯ ಹೇಳಿದೆ. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಅವ್ವ ಹಣೆ ಚಚ್ಚಿಕೊಂಡಳು. ಮಗಳ ಮದುವೆಯನ್ನು ಮಗಳೇ ತಡೆದಿದ್ದಳು, ಅದೂ ತಾನು ಕಲಿಸಿದ ವಿದ್ಯೆಯಿಂದ.

ಬಾಗಲಕೋಟೆಯವರು ಟೀವಿಯ ಗುಂಡಿ ತಿರುಗಿಸಿ ಆರಿಸಿದರು. "ಸಾಕ್ ಬಿಡ್ರಿ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಭಾಳ ಕಾಯಿಸಿದೆ ನಿಮಗ. ಆಟ ಇಲ್ಲಿಗೆ ಬಿಟ್ಟೆ. ನೀವು ಹೇಳಿದ ದಿನ ಮದುವಿ."

ಅವ್ವನ ಮುಖ ಅರಳಿತು. ಅವರ ತಾಯಿ ಪಂಚಾಂಗ ತರಲು ಎದ್ದರು. ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮಾತು ಅದು. ಕೇಳಿದ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು. ಆ ಗುಡ್ಡದಲ್ಲಿ ನನ್ನ ಮೂರು ವರ್ಷವೂ ಇತ್ತು. ಅದನ್ನು ಅರ್ಧಕ್ಕೆ ಬಿಟ್ಟ ಮನುಷ್ಯನ ಜೊತೆ ನಾನು ಇಡೀ ಜನ್ಮ ಕಳೆಯಬೇಕು, ಅವರು ಒಂದು ದಿನವಾದರೂ ಟೀವಿಯ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ, ಆಗ ಅದು ನನ್ನ ತಲೆಗೇ ಬರುತ್ತದೆ.

"ಒಲ್ಲೆ ನಾ," ಎಂದೆ. "ಮೊದಲ ಆಟ ಮುಗೀಲಿ."

ಅವ್ವ ತೊಡೆಗೆ ಚಿವುಟಿದಳು. ಗುರುತು ಎಂಟು ದಿನ ಇತ್ತು. ನಾನು ಪೆನ್ಸಿಲ್ಲು ಕೇಳಿದೆ. ಕೊನೆಯ ಚೌಕದ ಮುಂದೆ ಬರೆದಿದ್ದ ಒಂದು ಎಂಬ ನಂಬರನ್ನು ಒರೆಸಿ, ಅಲ್ಲಿ ಹೊಸ ಚೌಕ ಬರೆದು, ನೂರಾ ಹದಿಮೂರು ಎಂದು ಹಾಕಿ, ಅಲ್ಲಿಂದ ಎಲ್ಲಿಗೂ ದಾರಿ ಬರೆಯದೆ ಬಿಡಬೇಕಿತ್ತು. ಅಷ್ಟೇ ಕೆಲಸ. ಆದರೆ ಕೈ ಏಳಲಿಲ್ಲ. ದಾರವನ್ನು ನಟ್ಟ ನಡುವೆ ಬಿಟ್ಟು ಏಳುವುದು ನನಗೆ ಬರುತ್ತಿರಲಿಲ್ಲ. ಚಹಾ ಆರಿ ತಣ್ಣಗಾಯಿತು, ಎರಡನೆಯ ಸಲ ಕಾಸಿದರು, ಅದೂ ಆರಿತು. ಕೊನೆಗೆ ಕಣ್ಣು ಮುಚ್ಚಿ ಬರೆದೆ. ಚೌಕ ಸೊಟ್ಟಗೆ ಬಂತು. ಬಾಗಲಕೋಟೆಯವರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಟೀವಿ ಮತ್ತೆ ಹಚ್ಚಿ ನಂಬರು ಒತ್ತಿದರು.

ಹುಡುಗಿ ಏಳನೆಯ ಬಾಗಿಲು ದಾಟಿದಳು. ಈ ಸಲ ಗುಡ್ಡದ ಬುಡ ಬರಲಿಲ್ಲ. ಟೀವಿ ಪೂರಾ ಕಪ್ಪಾಯಿತು. ನಾವೆಲ್ಲ ಬಗ್ಗಿ ನೋಡಿದೆವು. ಕಪ್ಪೇ ಇತ್ತು.

"ಒಳಗ ಏನೈತ್ರಿ?" ಎಂದು ಕೇಳಿದೆ.

ಅವರು ಟೀವಿಯ ಗಾಜನ್ನು ಅಂಗೈಯಿಂದ ಒರೆಸಿದರು. "ಗೊತ್ತಿಲ್ಲ," ಎಂದರು. "ಅಲ್ಲೀತನಕಾ ಯಾವತ್ತೂ ಬಂದಿಲ್ಲಲ್ಲ. ವಿಚಾರನಽ ಮಾಡಿಲ್ಲ." ಆಮೇಲೆ ಅಪ್ಪನ ಕಡೆ ತಿರುಗದೆ, ನನ್ನ ಮುಖ ನೋಡಿ ಹೇಳಿದರು. "ನೀವಽ ಹೇಳ್ರಿ. ಏನು ಇಡೂಣು?"

ಮೂರು ವರ್ಷದಲ್ಲಿ ನಾನು ಆ ಬಾಗಿಲ ಆಚೆ ಏನೇನೋ ಇಟ್ಟಿದ್ದೆ. ಚಿನ್ನದ ಹಕ್ಕಿ, ಹಾಲಿನ ಕೆರೆ, ಕುದುರೆಯ ಮೇಲೆ ಕೂತ ರಾಜಕುಮಾರ. ಎದುರಿಗೆ ಅವರ ಅಂಗಿಯ ಮೇಲುಗುಂಡಿ ಕಿತ್ತು ಹೋಗಿತ್ತು. ಅವರಿಗೆ ನನ್ನಷ್ಟೇ ಅಂಜಿಕೆಯಾಗಿತ್ತು, ಅದು ಕಾಣುತ್ತಿತ್ತು.

"ವೈಶಾಖದ ಎರಡನೇ ಸೋಮವಾರ," ಎಂದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಂದೊಂದೇ ಗುಂಡಿ ಒತ್ತಿ ಅದನ್ನು ಬರೆದರು. ಯಂತ್ರದಲ್ಲಿ ಕನ್ನಡ ಇರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಬರೆದರು. ಏಳನೆಯ ಬಾಗಿಲ ಆಚೆಯ ಕತ್ತಲಲ್ಲಿ ನನ್ನ ಮದುವೆಯ ದಿನ ಬೆಳ್ಳಗೆ ಮೂಡಿ ನಿಂತಿತು. ಪಂಚಾಂಗ ಹಿಡಿದು ಬಂದ ಅವರ ತಾಯಿ ಅದನ್ನು ನೋಡಿ ಬಾಗಿಲಲ್ಲೇ ನಿಂತರು.

"ಇದೇನ್ರಿ ಬೀಗರ, ಹೆಣ್ಣಮಕ್ಕಳು ತಮ್ಮ ಮುಹೂರ್ತ ತಾವಽ ಇಡೂದು ಎಲ್ಲೆರ ಐತೇನು?"

ಅವ್ವ ನೆಲ ನೋಡಿದಳು. ನಾನು ತಲೆ ಬಗ್ಗಿಸಲಿಲ್ಲ. ಮೂರು ವರ್ಷ ನನ್ನ ಪತ್ರಗಳನ್ನೆಲ್ಲ ಗಟ್ಟಿಯಾಗಿ ಓದಿದ ಅಪ್ಪ, ಟೀವಿಯ ಮೇಲಿನ ಅಕ್ಷರಗಳನ್ನು ತುಟಿ ಅಲುಗಿಸದೆ ನೋಡುತ್ತ ನಿಂತಿದ್ದರು.

"ಆಕೀನಽ ಇಡಲಿ ಬಿಡ್ರಿ ಅಕ್ಕಾರ," ಎಂದರು. "ನಾಕು ಸಲ ನಾವಽ ಇಟ್ಟೇವಲ್ಲ."